ಬಸುರಿ ಇರೋ ಮನ್ಯಾಗ ಬೀಡಿ ಹೊಗಿ: ಹೊಟ್ಟ್ಯಾಗಿನ ಕೂಸಿಗೆ ಖರೇನ ತ್ರಾಸ ಐತೇನ್ರಿ?

ಕುಕನೂರು_ಅಕ್ಕ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ ತಂಗೀಗ ಈಗ ನಾಕು ತಿಂಗಳು. ಕೊಟ್ಟಿದ್ದು ಕೊಪ್ಪಳ ಕಡೆ ಒಂದ್ ಹಳ್ಳಿಗೆ. ಮನಿ ಸಣ್ಣದು. ಒಂದ್ ಪಡಸಾಲಿ, ಒಂದ್ ಅಡಗಿಮನಿ, ಹಿಂದ ಒಂದ್ ಕೋಣಿ, ಅಷ್ಟ. ಅಕೀ ಮಾವಾರು ಮುಂಜಾನೆ ಎದ್ದಾಗಿಂದ ರಾತ್ರಿ ಮಲಗೋತನ ಪಡಸಾಲ್ಯಾಗ ಕುಂತು ಬೀಡಿ ಸೇದ್ತಾರ. ಗಂಡ ಲಾರಿ ಓಡಸ್ತಾನ, ಮನಿಗೆ ಬಂದಾಗ ಅಂವಂದು ಸಿಗರೇಟು. ಮಂದಿ ಭಾಳ ಚಲೋರು. ಮಾವಾರು ಸೊಸಿಗಂತ ಸಂತಿಯಿಂದ ದಾಳಿಂಬ್ರಿ ತಂದ್ ಕೊಡ್ತಾರ. ಆದ್ರ ಹೊಗಿ ವಿಷಯ ಬಂದ್ರ ಅಕೀಗೆ ಬಾಯಿ ಬಿಡಾಕ ಆಗವಲ್ದು.

ಮೊನ್ನೆ ತಪಾಸಣಿಗೆ ಹೋದಾಗ ಸಿಸ್ಟರ್ ಕೇಳ್ಯಾರ, ಮನ್ಯಾಗ ಯಾರರ ಸೇದ್ತಾರೇನು ಅಂತ. ಹೌದು ಅಂದಿದ್ದಕ್ಕ "ಹೊಗಿಯಿಂದ ದೂರ ಇರವಾ" ಅಂದು ಮುಂದಿನವ್ರನ್ನ ಕರದ್ರಂತ. ದೂರ ಅಂದ್ರ ಎಲ್ಲಿಗೆ ಹೋಗ್ಬೇಕ್ರಿ ಅಕಿ? ಇರೋದ ಅದೊಂದ ಮನಿ.

ನಾ ಕೇಳೋದು ಎರಡು. ಅಕಿ ತಾನ ಸೇದಂಗಿಲ್ಲ, ಆದ್ರೂ ಕೂಸಿನ ಬೆಳವಣಿಗಿಗೆ, ಬುದ್ಧಿಗೆ ತ್ರಾಸ ಆಗ್ತೈತೇನು? ಆಗ್ತೈತಿ ಅಂದ್ರ ಮಾವಾರಿಗೆ ಯಾರು, ಹೆಂಗ ಹೇಳ್ಬೇಕು?

ರಾಯಚೂರು_ಸಿಸ್ಟರ್:
ಅಕ್ಕಾರ, ನಾನು ಹೆರಿಗಿ ವಾರ್ಡಿನಾಗ ಭಾಳ ವರ್ಷ ಕೆಲಸ ಮಾಡಿ ನಿವೃತ್ತಿ ಆದಾಕಿ. ಮೊದಲನೇ ಪ್ರಶ್ನಿಗೆ ಉತ್ತರ, ಹೌದು. ತಾಯಿ ಸೇದದಿದ್ರೂ ಹೊಗಿ ಕೂಸಿಗೆ ಮುಟ್ತದ.

ಹೆಂಗ ಅಂತ ಹೇಳ್ತೀನಿ. ಬೀಡಿ ಹೊಗಿಯಾಗ ಕಾರ್ಬನ್ ಮಾನಾಕ್ಸೈಡ್ ಅನ್ನೋ ಅನಿಲ ಇರ್ತದ. ನಮ್ ರಕ್ತದಾಗಿನ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟ್ಕೊಂತದ. ಆಮ್ಲಜನಕ ಕೂಡ್ಬೇಕಾದ ಜಾಗದಾಗ ಅದು ಬಂದು ಕೂತ್ರೆ ಕೂಸಿಗೆ ಹೋಗೋ ಆಮ್ಲಜನಕ ಕಡಿಮಿ. ಕೂಸಿನ ರಕ್ತದಾಗ ಅದರ ಪ್ರಮಾಣ ತಾಯಿಗಿಂತ ಒಂದು ಕೈ ಹೆಚ್ಚೇ ಇರ್ತದ. ಮ್ಯಾಲೆ ನಿಕೋಟಿನ್. ಅದು ಮಾಸು ದಾಟಿ ಸೀದಾ ಕೂಸಿನ ರಕ್ತಕ್ಕೆ ಇಳೀತದ, ರಕ್ತನಾಳ ಬಿಗೀತದ. ಸೇದೋರ ಜೊತಿಗೆ ಇರೋ ಬಸುರಿ ಹೆಣ್ಮಕ್ಕಳ ಮೂತ್ರದಾಗ, ಹುಟ್ಟಿದ ಕೂಸಿನ ಹೊಕ್ಕುಳಬಳ್ಳಿ ರಕ್ತದಾಗ ಕೊಟಿನಿನ್ ಸಿಗ್ತದ. ದೇಹ ನಿಕೋಟಿನ್ ಅರಗಿಸಿದ ಮ್ಯಾಲೆ ಉಳಿಯೋ ಪದಾರ್ಥ ಅದು. ಹೊಗಿ ಒಳಗೆ ಹೋಗ್ಯದ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ ಕಡೆ ಹೆಣ್ಮಕ್ಕಳಿಗೆ ರಕ್ತ ಮೊದಲೇ ಕಡಿಮಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಾಗ ಹತ್ತಿರ ಹತ್ತಿರ ಅರ್ಧ ಹೆಣ್ಮಕ್ಕಳಿಗೆ ರಕ್ತಹೀನತೆ ಅದ. ಹಿಮೋಗ್ಲೋಬಿನ್ 8, 9 ಇರೋ ಹುಡುಗಿಗೆ ಅದ್ರಾಗೂ ಒಂದು ಪಾಲು ಹೊಗಿಗೆ ಹೋದ್ರೆ ಕೂಸಿಗೆ ಏನು ಉಳೀತದ ನೀವೇ ಲೆಕ್ಕ ಹಾಕ್ರಿ. ನಿಮ್ ತಂಗಿದು ಎಷ್ಟದ ಅಂತ ತಾಯಿ ಕಾರ್ಡ್‌ನಾಗ ಬರೆದಿರ್ತಾರ, ನೋಡಿ ಹೇಳ್ರಿ.

ಸಿರುಗುಪ್ಪ_ರೈತ:
ಬ್ಯಾಸರ ಮಾಡ್ಕೋಬ್ಯಾಡ್ರಿ, ಇದನ್ನೆಲ್ಲ ಓದಿದ್ರ ಮನಿ ಮಂದಿ ಸುಮ್ನ ಹೆದರ್ತಾರ. ನಮ್ಮಪ್ಪ, ದೊಡ್ಡಪ್ಪ ಎಲ್ಲ ಬೀಡಿ ಸೇದಿದವ್ರ. ಆ ಮನ್ಯಾಗ ಏಳು ಮಂದಿ ಹುಟ್ಟಿ ಬೆಳದೀವಿ. ಒಬ್ಬಾಂವ ಪಿಯು ಕಾಲೇಜಿನ್ಯಾಗ ಲೆಕ್ಚರರ್ ಅದಾನ. ಭತ್ತ ನಾಟಿಗೆ ಬಂದ ಮಂದೀಗೆ ಬೀಡಿ ಕೊಡದಿದ್ರ ಗದ್ದಿಗೆ ಇಳಿಯಂಗಿಲ್ಲ. ಸೇದದಿರೋ ಮನಿ ಎಲ್ಲೈತಿ ತೋರಸ್ರಿ. ಎಲ್ಲಾ ಕೂಸುಗಳೂ ದಡ್ಡ ಹುಟ್ಯಾವೇನು?

ಕೂಸಿನ_ಡಾಕ್ಟ್ರು_ಬಳ್ಳಾರಿ:
ಸಿರುಗುಪ್ಪದ ಅಣ್ಣನವರ ಪ್ರಶ್ನೆ ನ್ಯಾಯವಾದದ್ದು, ಸರಿಯಾದ ಉತ್ತರ ಅವರಿಗೆ ಸಿಗಬೇಕು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಬೀಡಿ ಸೇದುವ ಮನೆಯಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ತೊಂದರೆ ಆಗುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಸಾವಿರ ಮಕ್ಕಳನ್ನು ಒಟ್ಟಿಗೆ ನೋಡಿದಾಗ ಸರಾಸರಿ ಕೆಳಗಿಳಿಯುತ್ತದೆ, ಅಂಚಿನಲ್ಲಿ ಇದ್ದವರು ಆಚೆ ಬೀಳುತ್ತಾರೆ. ನಿಮ್ಮ ಮನೆಯ ಏಳು ಜನ ಚೆನ್ನಾಗಿದ್ದಾರೆ, ಸಂತೋಷ. ಆ ಕಾಲದಲ್ಲಿ ನಿಮ್ಮ ಊರಿನಲ್ಲಿ ತೂಕ ಸಾಲದೆ ಹುಟ್ಟಿ ತಿಂಗಳೊಳಗೆ ಹೋದ ಕೂಸುಗಳ ಲೆಕ್ಕ ಯಾರ ಬಳಿಯೂ ಇಲ್ಲ. ಮನೆಯಲ್ಲಿ ಕೇಳಿದರೆ ಅಜ್ಜಿ ಹೇಳಬಹುದು.

ಇದು ನಿನ್ನೆ ಮೊನ್ನೆ ಹುಟ್ಟಿದ ಮಾತೂ ಅಲ್ಲ. ಸೇದುವ ತಾಯಂದಿರಿಗೆ ಅವಧಿಗೆ ಮೊದಲೇ, ಕಡಿಮೆ ತೂಕದ ಮಕ್ಕಳು ಹೆಚ್ಚು ಹುಟ್ಟುತ್ತವೆ ಎಂದು 1957ರಲ್ಲೇ ಕ್ಯಾಲಿಫೋರ್ನಿಯಾದ ವೈದ್ಯೆಯೊಬ್ಬರು ಬರೆದರು. ಆಮೇಲೆ ಲೋಕದ ಎಲ್ಲ ಕಡೆ ಅದೇ ಕಂಡಿತು. ತಾಯಿಯೇ ಸೇದಿದರೆ ಕೂಸಿನ ತೂಕ ಸರಾಸರಿ 150ರಿಂದ 250 ಗ್ರಾಂ ಕಡಿಮೆ. ತಾಯಿ ಸೇದದೆ ಬರೀ ಬೇರೆಯವರ ಹೊಗೆ ಕುಡಿದರೆ ಕಡಿತ ಸಣ್ಣದು, ಹಲವು ಅಧ್ಯಯನ ಒಟ್ಟುಗೂಡಿಸಿದ 2008ರ ಲೆಕ್ಕದಲ್ಲಿ 33 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು. ಮೂವತ್ತು ಗ್ರಾಂ ಎಂದರೆ ಏನು ಮಹಾ ಅನಿಸುತ್ತದೆ. ಆದರೆ ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಕೂಸುಗಳು ಎರಡೂವರೆ ಕೆಜಿಯ ಗೆರೆಯ ಅಂಚಿನಲ್ಲೇ ಹುಟ್ಟುತ್ತವೆ. ಆ ಗೆರೆಗಿಂತ ಕೆಳಗೆ ಬಂದರೆ ಕಡಿಮೆ ತೂಕದ ಕೂಸು. ಅದೇ ಲೆಕ್ಕದಲ್ಲಿ ಕಡಿಮೆ ತೂಕದ ಕೂಸು ಹುಟ್ಟುವ ಸಂಭವ ಸುಮಾರು ಐದನೇ ಒಂದು ಪಾಲು ಹೆಚ್ಚಿತ್ತು. ಸತ್ತು ಹುಟ್ಟುವ ಸಂಭವವೂ ಹೊಗೆಯ ಮನೆಯಲ್ಲಿ ಹೆಚ್ಚು ಎಂದು 2011ರ ಇನ್ನೊಂದು ಒಟ್ಟು ಲೆಕ್ಕ ಹೇಳಿತು.

ಎರಡನೆಯದು ಶ್ವಾಸಕೋಶ. ಇಲ್ಲಿ ಸಂಶಯ ಬಹಳ ಕಡಿಮೆ. ಗರ್ಭದಲ್ಲಿದ್ದಾಗ ಹೊಗೆ ತಾಗಿದ ಮಕ್ಕಳ ಉಸಿರಿನ ಕೊಳವೆಗಳು ಹುಟ್ಟುವಾಗಲೇ ಸೊರಗಿರುತ್ತವೆ. ಮುಂದೆ ಗೂರಲು, ಪದೇ ಪದೇ ಕಫ, ನ್ಯುಮೋನಿಯಾ. ಹುಟ್ಟಿದ ಮೇಲೂ ಮನೆಯಲ್ಲಿ ಹೊಗೆ ಮುಂದುವರಿದರೆ ನಡುಗಿವಿಯಲ್ಲಿ ನೀರು ತುಂಬುವುದು, ಕಿವಿ ಸೋರುವುದು ಹೆಚ್ಚು. ಕಿವಿ ಸರಿಯಾಗಿ ಕೇಳದ ಮಗು ಮಾತು ಕಲಿಯುವುದು ತಡ. ಬೆಳವಣಿಗೆ ಎಂದ ಕೂಡಲೇ ಎಲ್ಲರೂ ಮೆದುಳಿನ ಹತ್ತಿರ ಓಡುತ್ತಾರೆ, ಈ ಕಿವಿಯ ದಾರಿಯನ್ನು ಯಾರೂ ನೆನೆಸುವುದಿಲ್ಲ.

ಇನ್ನು ಬುದ್ಧಿಯ ಮಾತು. ಇಲ್ಲಿ ನಾನು ಎಚ್ಚರಿಕೆಯಿಂದಲೇ ಹೇಳುತ್ತೇನೆ. ಎಡಿಎಚ್‌ಡಿ ಎನ್ನುವ, ಗಮನ ನಿಲ್ಲದ ತೊಂದರೆ ಸೇದುವ ತಾಯಂದಿರ ಮಕ್ಕಳಲ್ಲಿ ಹೆಚ್ಚು ಎಂದು ಬಹಳ ಅಧ್ಯಯನಗಳು ಹೇಳಿದವು. ಆಮೇಲೆ ಸಂಶೋಧಕರು ಒಂದೇ ತಾಯಿಯ ಎರಡು ಮಕ್ಕಳನ್ನು ಹೋಲಿಸಿದರು, ಒಂದು ಬಸಿರಲ್ಲಿ ಸೇದಿದ್ದಳು, ಇನ್ನೊಂದರಲ್ಲಿ ಇಲ್ಲ. ಆಗ ಎಡಿಎಚ್‌ಡಿಯ ವ್ಯತ್ಯಾಸ ಬಹುಮಟ್ಟಿಗೆ ಕರಗಿತು. ದಾನಿಯ ಅಂಡಾಣುವಿನಿಂದ ಹುಟ್ಟಿದ ಮಕ್ಕಳನ್ನೂ ನೋಡಿದರು. ಅಲ್ಲಿ ಹೆತ್ತ ತಾಯಿಗೂ ಮಗುವಿಗೂ ರಕ್ತಸಂಬಂಧ ಇಲ್ಲ. ಆಕೆ ಸೇದಿದ್ದರೆ ಮಗುವಿನ ತೂಕ ಅಲ್ಲೂ ಕಡಿಮೆ, ಆದರೆ ನಡವಳಿಕೆಯ ಸಂಬಂಧ ಕಾಣಲಿಲ್ಲ. ಅಂದರೆ ತೂಕ ಕಡಿಮೆಯಾಗುವುದು ಹೊಗೆಯದೇ ಕೆಲಸ. ನಡವಳಿಕೆಯಲ್ಲಿ ಮನೆತನದ ಗುಣ, ಬಡತನ, ಪರಿಸರ ಎಲ್ಲ ಸೇರಿಕೊಂಡಿವೆ.

ಹಾಗಂತ ಮೆದುಳಿಗೆ ಏನೂ ಆಗದು ಎಂದಲ್ಲ. ಗರ್ಭದ ಮೊದಲ ಮೂರು ತಿಂಗಳಲ್ಲೇ ಕೂಸಿನ ಮೆದುಳಿನಲ್ಲಿ ನಿಕೋಟಿನ್ ಹೋಗಿ ಕೂರುವ ಗ್ರಾಹಕಗಳು ತಯಾರಾಗುತ್ತವೆ, ನರಕೋಶಗಳು ಬೆಳೆದು ಒಂದಕ್ಕೊಂದು ಕೂಡಿಕೊಳ್ಳುವುದಕ್ಕೆ ಅವೇ ಬೇಕು. ನ್ಯೂಯಾರ್ಕ್‌ನ ಬಡ ಬಡಾವಣೆಗಳಲ್ಲಿ ತಾವು ಸೇದದ ತಾಯಂದಿರ 226 ಮಕ್ಕಳನ್ನು ಎರಡು ವರ್ಷದವರಾದಾಗ ಪರೀಕ್ಷಿಸಿದ ವರದಿ 2004ರಲ್ಲಿ ಬಂತು. ಗರ್ಭದಲ್ಲಿ ಮನೆಯ ಹೊಗೆ ತಾಗಿದ ಮಕ್ಕಳು ಹಿಂದೆ ಬಿದ್ದಿದ್ದರು. ಅದರಲ್ಲೂ ಊಟ, ಬಟ್ಟೆ, ಮನೆಗೆ ಕೊರತೆ ಇದ್ದ ತಾಯಂದಿರ ಮಕ್ಕಳಿಗೆ ಪೆಟ್ಟು ಹೆಚ್ಚು. ನಮ್ಮ ಕಡೆಯ ಮನೆಗಳನ್ನು ನೆನೆದರೆ ನನ್ನನ್ನು ಕಾಡುವುದು ಇದೇ ವರದಿ. ಕೊರತೆ ಇರುವ ಮನೆಗೇ ಹೊಗೆ ಹೆಚ್ಚು ದುಬಾರಿ.

ತೋರಣಗಲ್ಲು_ಶಿಫ್ಟ್:
ಡಾಕ್ಟ್ರೇ, ಓದಿದೆ. ಒಂದು ಮಾತು. ನಮ್ ಕಡೆ ಮನೆ ಮುಂದೆ ಒಣಗಾಕಿದ ಬಟ್ಟೆ ಸಾಯಂಕಾಲದ ಹೊತ್ತಿಗೆ ಕೆಂಪಗಾಗ್ತವೆ. ಅದಿರಿನ ಲಾರಿ ಧೂಳು, ಕಾರ್ಖಾನೆ ಹೊಗೆ, ಹಗಲು ರಾತ್ರಿ ಎರಡೂ ಇದೆ. ಇಷ್ಟೆಲ್ಲ ಇರೋವಾಗ ಒಬ್ಬ ಮುದುಕನ ಬೀಡಿ ಹಿಂದೆ ಬಿದ್ರೆ ಹೆಂಗೆ? ದೊಡ್ಡವ್ರನ್ನ ಬಿಟ್ಟು ಬಡವನ್ನ ಹಿಡಿದಂಗೆ ಕಾಣುತ್ತೆ ನನಗೆ.

ಗಿಣಿಗೇರಿ_ಹುಡುಗ:
ಖರೆ ಮಾತು. ನಮ್ಮೂರಾಗ ಕಾರ್ಖಾನಿ ಕರಿ ಬೂದಿ ಹೊಲದ ಮ್ಯಾಲೆ, ಮಾಳಿಗಿ ಮ್ಯಾಲೆ, ಕುಡಿಯೋ ನೀರಿನ ಮ್ಯಾಲೆ. 2025ರ ಫೆಬ್ರುವರಿಯಾಗ ಕೊಪ್ಪಳ ಬಂದ್ ಮಾಡಿ ಗವಿಮಠದ ಅಜ್ಜಾರ ಬೀದಿಗಿಳಿದು ಮಾತಾಡಿದ್ರು, ಅಷ್ಟು ಮಂದಿ ಸೇರಿದ್ದು ಸುಮ್ನ ಅಲ್ಲ. ಆದ್ರ ತೋರಣಗಲ್ಲಿನ ಅಣ್ಣಾ, ನಮ್ಮಕ್ಕ ಬಸುರಿ ಇದ್ದಾಗ ಕಾರ್ಖಾನಿ ಬೂದಿ ಬರ್ತೈತಿ ಅಂತ ಕಿಟಕಿ ಮುಚ್ಚಿ ಕುಂದ್ರತಿದ್ಲು. ಒಳಗ ಅಣ್ಣ ಸಿಗರೇಟು ಹಚ್ತಿದ್ದ. ಹೊರಗಿನದು ಒಳಗ ಬರಬಾರದು ಅಂತ ಹಾಕಿದ ಕಿಟಕಿ ಒಳಗಿನ ಹೊಗಿನ ಹಿಡಿದಿಟ್ಟಿತು. ಎರಡೂ ಬಿಡಬಾರದು ಅನ್ನೋದು ನನ್ ಮಾತು.

ಕೂಸಿನ_ಡಾಕ್ಟ್ರು_ಬಳ್ಳಾರಿ:
ಗಿಣಿಗೇರಿಯ ತಮ್ಮ ಹೇಳಿದ್ದು ಸರಿ. ಕಾರ್ಖಾನೆಯ ಧೂಳು ಕೂಸಿನ ತೂಕಕ್ಕೆ, ಉಸಿರಿಗೆ ಕೆಟ್ಟದ್ದೇ, ಅದನ್ನು ಕೇಳುವ ಹಕ್ಕು ನಮಗಿದೆ, ಕೇಳಲೇಬೇಕು. ಆದರೆ ಒಂದು ವಿಷ ಇದೆ ಎಂದು ಇನ್ನೊಂದನ್ನು ಮನ್ನಿಸಲು ಆಗುವುದಿಲ್ಲ. ಎರಡೂ ಅದೇ ಕೂಸಿನೊಳಗೆ ಹೋಗಿ ಕೂಡುತ್ತವೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಒಂದು ಬೀಡಿ ಉರಿದರೆ ಅಲ್ಲಿಯ ಗಾಳಿ ಹೊರಗಿನ ಕೆಟ್ಟ ಗಾಳಿಗಿಂತ ಎಷ್ಟೋ ಹೆಚ್ಚು ಕೆಡುತ್ತದೆ. ಬೀಡಿಯಲ್ಲಿ ತಂಬಾಕು ಸಿಗರೇಟಿಗಿಂತ ಕಡಿಮೆ ಇರುತ್ತದೆ, ನಿಜ. ಆದರೆ ಬೀಡಿ ಸುತ್ತುವ ತುಪ್ರದ ಎಲೆ ಗಾಳಿ ಬಿಡುವುದಿಲ್ಲ, ಆರಿ ಹೋಗಬಾರದೆಂದು ಮೇಲಿಂದ ಮೇಲೆ ಜೋರಾಗಿ ಎಳೆಯಬೇಕು. ಹಾಗಾಗಿ ನಿಕೋಟಿನ್, ಟಾರು, ಕಾರ್ಬನ್ ಮಾನಾಕ್ಸೈಡ್ ಯಾವುದೂ ಕಡಿಮೆಯಾಗಿ ಹೊರಡುವುದಿಲ್ಲ. "ಬೀಡಿ ನಮ್ಮದು, ಎಲೆಯದು, ಅದು ಅಷ್ಟು ಕೆಟ್ಟದ್ದಲ್ಲ" ಎಂಬ ಮಾತು ನನ್ನ ಓಪಿಡಿಯಲ್ಲಿ ದಿನಾ ಕೇಳುತ್ತೇನೆ. ಅದಕ್ಕೆ ಆಧಾರ ಇಲ್ಲ.

ಸಿಂಧನೂರು_ಆಶಾ:
ಅಕ್ಕಾ, ನಿಮ್ ಎರಡನೇ ಪ್ರಶ್ನಿಗೆ ನಾ ಹೇಳ್ತೀನಿ, ದಿನಾ ಇದೇ ಕೆಲಸ ನಂದು.

ಸೊಸಿ ಕೈಲಿ ಮಾತ್ರ ಹೇಳಿಸಬ್ಯಾಡ್ರಿ. ಅಕಿ ಹೇಳಿದ್ರ ಅದು ಹೊಗಿ ಮಾತಾಗಿ ಉಳಿಯಂಗಿಲ್ಲ, ಸೊಸಿ ಮಾವನಿಗೆ ಎದುರು ಮಾತಾಡಿದ್ಲು ಅಂತ ಆಗ್ತದ. ತವರಿನವ್ರು ಹೇಳಿದ್ರ ಇನ್ನಾ ಕಷ್ಟ, ಬೀಗರ ನಡುವೆ ಬಿರುಸಾಗ್ತದ. ಆ ಊರಿನ ಆಶಾಗೆ, ಇಲ್ಲಂದ್ರ ಸಿಸ್ಟರ್‌ಗೆ ಫೋನ್ ಮಾಡಿ, ಮಾವಾರು ಮನ್ಯಾಗ ಇರೋ ಹೊತ್ತಿಗೆ ಬರ್ರಿ ಅಂತ ಹೇಳ್ರಿ. ನಾವು ಹೋಗೋದು ಹಗಲು ಹನ್ನೊಂದಕ್ಕ, ಗಂಡಸ್ರು ಹೊಲಕ್ಕ ಹೋಗಿರ್ತಾರ, ಕೇಳ್ಬೇಕಾದವ್ರ ಕಿವಿಗೆ ಬೀಳದ ಇಲ್ಲ. ಈ ವಿಷಯದಾಗ ನಮ್ ಇಲಾಖಿ ಮ್ಯಾಲೆ ನನಗ ಸಿಟ್ಟದ. ತಾಯಂದಿರ ಸಭಿ, ತಾಯಂದಿರ ತಪಾಸಣಿ, ತಾಯಿ ಕಾರ್ಡು, ಎಲ್ಲಾ ತಾಯಿಗೇ. ಸೇದೋದು ಅಪ್ಪ, ಅಜ್ಜ.

ನಾ ಹಿಂಗ ಮಾಡ್ತೀನಿ. ಹಿರಿಯರ ಹತ್ರ ಕುಂತು, ಯಪ್ಪಾ ಸೊಸಿ ತೂಕ ಇಷ್ಟದ, ರಕ್ತ ಇಷ್ಟದ, ಕೂಸು ಮೂರು ಕೆಜಿ ಬರ್ಬೇಕಂದ್ರ ಇದಿಷ್ಟು ಆಗ್ಬೇಕು ಅಂತೀನಿ. ಕಬ್ಬಿಣದ ಗುಳಿಗಿ ಅಕೀ ಕೆಲಸ, ಮನ್ಯಾಗ ಹೊಗಿ ಇಲ್ದಂಗ ನೋಡ್ಕೊಳ್ಳೋದು ನಿಮ್ ಕೆಲಸ ಅಂತೀನಿ. ಬಿಟ್ಟುಬಿಡ್ರಿ ಅಂತ ಮೊದಲನೇ ದಿನ ಹೇಳಂಗಿಲ್ಲ, ಹೇಳಿದ್ರ ಎದ್ದು ಹೋಗ್ತಾರ. ಬೀಡಿ ಕಟ್ಟು, ಕಡ್ಡಿಪೆಟ್ಟಿಗಿ ಮನಿ ಒಳಗಿಂದ ತಗದು ಹೊರಗ ದನದ ಕೊಟ್ಟಿಗಿ ಕಡೆ ಇಡಸ್ತೀನಿ. ಕೈಗೆ ಸಿಗೋ ಜಾಗ ಬದ್ಲಾದ್ರ ಒಳಗ ಹಚ್ಚೋದು ತಾನ ಕಡಿಮಿ ಆಗ್ತದ. ಬೈದವ್ರು ಅದಾರ. ಆದ್ರ ಮೊಮ್ಮಗನ ಮಾತಂದ್ರ ಮುದುಕರು ಹೆಚ್ಚಾಗಿ ಕೇಳ್ತಾರ, ಗಂಡಂದಿರಕಿಂತ ಲಗೂನ ಕೇಳ್ತಾರ.

ಇನ್ನೊಂದು. ನಮ್ ಹೆಣ್ಮಕ್ಕಳು ಸೇದಂಗಿಲ್ಲ ಅಂತೀವಿ, ಆದ್ರ ಎಲಿ ಅಡಿಕಿ ಜೊತಿಗೆ ತಂಬಾಕು ಹಾಕ್ಕೊಂತಾರ. ಹತ್ತಿ ಬಿಡಿಸೋ ಹೊತ್ತಿನ್ಯಾಗ ಹಸಿವು ತಡೀತದ ಅಂತ ಬಸುರಿ ಹೆಣ್ಮಕ್ಕಳೂ ಹಾಕ್ಕೊಂತಾರ. ಕೇಳಿದ್ರ ಇಲ್ಲ ಅಂತಾರ, ಬಾಯಿ ತೋರಸು ಅಂದ್ರ ಗೊತ್ತಾಗ್ತದ. ಇದನ್ನೂ ಮಾತಾಡ್ಬೇಕು.

ರಾಯಚೂರು_ಸಿಸ್ಟರ್:
ಆಶಾ ಹೇಳಿದ್ದು ಖರೇ ಅದ. ಹೊಗಿ ಇಲ್ಲದಿದ್ರೂ ನಿಕೋಟಿನ್ ಅದೇ ನಿಕೋಟಿನ್. ಮುಂಬೈಯಾಗ ಬಸುರಿ ಹೆಣ್ಮಕ್ಕಳ ಮ್ಯಾಲೆ ಮಾಡಿದ ಅಧ್ಯಯನ 2004ರಾಗ ಬಂತು. ತಂಬಾಕು ಜಗಿಯೋ, ಹಲ್ಲಿಗೆ ತಿಕ್ಕೋ ತಾಯಂದಿರ ಕೂಸುಗಳು ಸರಾಸರಿ 105 ಗ್ರಾಂ ಕಡಿಮಿ ತೂಕ, ದಿನ ತುಂಬೋದಕ್ಕೆ ಮೊದಲೇ ಹೆರಿಗಿನೂ ಹೆಚ್ಚು. 2013ರಾಗ ನಮ್ ರಾಜ್ಯದಾಗ ಗುಟ್ಕಾ ನಿಷೇಧ ಆಯ್ತು. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ, ಎರಡೂ ಕೂಡಿಸಿ ಹಾಕ್ಕೊಂತಾರ.

ಕೌಲ್‌ಬಜಾರ್_ಟೈಲರ್:
ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ಯೂನಿಟ್‌ನಲ್ಲಿ ಕೆಲಸ ಮಾಡ್ತೀನಿ. ಮನೇಲಿ ಯಾರೂ ಸೇದಲ್ಲ. ಆದ್ರೆ ಶೆಡ್‌ನಲ್ಲಿ ಕಟಿಂಗ್ ಮಾಸ್ಟರ್, ಇಸ್ತ್ರಿಯವರು ಎಲ್ಲ ಕೂತಲ್ಲೇ ಸೇದ್ತಾರೆ. ತಗಡಿನ ಶೆಡ್ಡು, ಒಂದೇ ಬಾಗಿಲು, ಬಟ್ಟೆ ನೂಲಿನ ಧೂಳು ಬೇರೆ. ನಾನೀಗ ಐದನೇ ತಿಂಗಳಲ್ಲಿದೀನಿ. ಓನರ್‌ಗೆ ಹೇಳಿದ್ರೆ ಪೀಸ್ ಕೆಲಸ ಮನೆಗೆ ಒಯ್ದು ಮಾಡಮ್ಮ ಅಂತಾರೆ. ಮನೇಲಿ ಮಿಷನ್ ಇಲ್ಲ. ಕೆಲಸ ಬಿಟ್ರೆ ಬಾಡಿಗೆ ಯಾರು ಕಟ್ತಾರೆ? ಇದಕ್ಕೆ ಕಾನೂನು ಏನಾದ್ರೂ ಇದೆಯಾ?

ಗಂಗಾವತಿ_ವಕೀಲ:
ಇದೆ ತಾಯಿ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧದ ನಿಯಮ 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಜಾರಿಯಲ್ಲಿದೆ. ಕೆಲಸದ ಜಾಗವೂ ಆ ಪಟ್ಟಿಯಲ್ಲಿ ಸೇರಿದೆ, ಶೆಡ್ ಆಗಲಿ ಕಚೇರಿಯಾಗಲಿ. ಅಲ್ಲಿ ಸೇದದಂತೆ ನೋಡಿಕೊಳ್ಳುವುದು, ಫಲಕ ಹಾಕುವುದು ಮಾಲೀಕರ ಹೊಣೆ. ನಮ್ಮ ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ ಸೇದಿದವರ ದಂಡ 200 ರೂಪಾಯಿಯಿಂದ 1000 ರೂಪಾಯಿಗೆ ಏರಿದೆ, 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಪ್ರತಿ ಜಿಲ್ಲೆಯಲ್ಲೂ ಆರೋಗ್ಯ ಇಲಾಖೆಯಡಿ ತಂಬಾಕು ನಿಯಂತ್ರಣ ಕೋಶ ಇದೆ, ದೂರು ಕೊಡುವುದು ಅಲ್ಲಿ. ನಿಮ್ಮ ಒಬ್ಬರ ಹೆಸರು ಮುಂದೆ ಬರುವುದು ಬೇಡ ಎನಿಸಿದರೆ ಯೂನಿಟ್‌ನ ಹೆಣ್ಣುಮಕ್ಕಳೆಲ್ಲ ಸೇರಿ ಒಂದೇ ಅರ್ಜಿ ಕೊಡಿ.

ಮನೆಯ ಒಳಗೆ ಈ ಕಾನೂನು ಬರುವುದಿಲ್ಲ. ಅಲ್ಲಿ ಆಶಾ ಬರೆದ ದಾರಿಯೇ ದಾರಿ.

ಕೂಸಿನ_ಡಾಕ್ಟ್ರು_ಬಳ್ಳಾರಿ:
ಕೌಲ್‌ಬಜಾರಿನ ತಂಗಿಗೆ: ಅರ್ಜಿಯ ಜೊತೆಗೆ ಇವತ್ತೇ ಮಾಡಬಹುದಾದದ್ದು, ನಿಮ್ಮ ಮಿಷನ್ ಬಾಗಿಲ ಪಕ್ಕಕ್ಕೆ ಹಾಕಿಸಿಕೊಳ್ಳಿ. ಅವರು ಹೊರಗೆ ಹೋಗಿ ಸೇದಲಿ ಎಂದು ಮಾಲೀಕರಿಂದಲೇ ಹೇಳಿಸಿ. ಹತ್ತಿಬಟ್ಟೆ, ನೂಲು ತುಂಬಿದ ಶೆಡ್‌ನಲ್ಲಿ ಬೆಂಕಿ ಹಚ್ಚುವುದು ಅವರ ಮಾಲಿಗೇ ಅಪಾಯ, ಆ ಮಾತು ಅವರಿಗೆ ಬೇಗ ನಾಟುತ್ತದೆ. ಇಂಥ ಕಾನೂನು ಕಟ್ಟುನಿಟ್ಟಾದರೆ ಕೂಸಿಗೆ ಲಾಭ ಇದೆ ಎಂಬುದು ಬರೀ ಊಹೆಯಲ್ಲ. ಸ್ಕಾಟ್ಲೆಂಡ್ 2006ರಲ್ಲಿ ಮುಚ್ಚಿದ ಸಾರ್ವಜನಿಕ ಜಾಗಗಳಲ್ಲಿ ಧೂಮಪಾನ ನಿಲ್ಲಿಸಿತು, ಆಮೇಲೆ ಅಲ್ಲಿ ಅವಧಿಗೆ ಮುನ್ನದ ಹೆರಿಗೆಗಳು ಶೇ. 10ಕ್ಕೂ ಹೆಚ್ಚು ಇಳಿದವು.

ದೇವದುರ್ಗ_ಮೇಷ್ಟ್ರು:
ಇಷ್ಟು ಹೊತ್ತು ಓದುತ್ತಾ ಇದ್ದೆ. ಪ್ರಾಥಮಿಕ ಶಾಲೆ ಶಿಕ್ಷಕನಾಗಿ ಒಂದು ಮಾತು ಹೇಳಲೇಬೇಕು.

ಮಗು ಓದಿನಲ್ಲಿ ಹಿಂದೆ ಬಿದ್ದರೆ ನಮ್ಮ ಕಡೆ ಮೊದಲು ಬೈಗುಳ ತಿನ್ನುವವಳು ತಾಯಿ. ಬಸಿರಲ್ಲಿ ಅದು ತಿಂದಿ, ಇದು ತಿನ್ನಲಿಲ್ಲ, ಗ್ರಹಣದಲ್ಲಿ ಹೊರಗೆ ಬಂದಿ. ಈಗ ಹೊಗೆಯ ವಿಷಯವೂ ಆ ಪಟ್ಟಿಗೆ ಸೇರಬಾರದು. ತಾನು ಹಚ್ಚದ ಬೀಡಿಗೆ, ತನಗೆ ತಡೆಯಲು ಆಗದ ಹೊಗೆಗೆ ಆ ಹೆಣ್ಣುಮಗಳು ಏಕೆ ಉತ್ತರ ಕೊಡಬೇಕು? ಡಾಕ್ಟರು ಹೇಳಿದ ಹಾಗೆ ಬುದ್ಧಿಯ ವಿಷಯದಲ್ಲಿ ಹತ್ತು ಕಾರಣ ಹೆಣೆದುಕೊಂಡಿರುತ್ತವೆ. ನನ್ನ ತರಗತಿಯಲ್ಲಿ ಪಾಲಕರು ಹತ್ತಿ, ಮೆಣಸಿನಕಾಯಿ ಕೀಳಲು ಗುಳೆ ಹೋಗುವ ಮಕ್ಕಳಿದ್ದಾರೆ. ವರ್ಷದಲ್ಲಿ ಎಷ್ಟೋ ತಿಂಗಳು ಶಾಲೆಗೇ ಬರದ ಮಗು ಓದದಿದ್ದರೆ ಅದು ಹೊಗೆಯ ತಪ್ಪಲ್ಲ.

ಮಗುವಿಗೆ ಮಾತು ತಡ, ನಡಿಗೆ ತಡ, ಕೇಳಿಸುವುದಿಲ್ಲ ಅನಿಸಿದರೆ ಯಾರ ತಪ್ಪು ಎಂದು ಹುಡುಕುತ್ತಾ ಕೂರಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬಂದು ಮಕ್ಕಳನ್ನು ನೋಡುತ್ತದೆ. ಅವರಿಗೆ ತೋರಿಸಿ, ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಎರಡು ವರ್ಷಕ್ಕೆ ತೋರಿಸಿದ ಮಗು ಮತ್ತು ಏಳಕ್ಕೆ ತೋರಿಸಿದ ಮಗು, ಎರಡರ ವ್ಯತ್ಯಾಸ ನಾನು ತರಗತಿಯಲ್ಲಿ ನೋಡಿದ್ದೇನೆ.

ಕುಕನೂರು_ಅಕ್ಕ:
ಮೇಷ್ಟ್ರ, ನಿಮ್ ಮಾತು ತಂಗಿಗೆ ಓದಿ ಹೇಳ್ದೆ. ಅತ್ಲು. ಅಕೀಗೆ ಒಳಗಿಂದೊಳಗ ಅದ ಹೆದರಿಕಿ ಇತ್ತು, ನಾನ ಏನೋ ತಪ್ಪು ಮಾಡಾಕತ್ತೀನೇನೋ ಅಂತ.

ಸಿಸ್ಟರ್, ಅಕೀ ಹಿಮೋಗ್ಲೋಬಿನ್ 9.2 ಐತಿ. ಇನ್ನೊಂದು ಕೇಳ್ಬೇಕಿತ್ತು. ಬಾಗಿಲ ತಗದು, ಫ್ಯಾನ್ ಹಚ್ಚಿದ್ರ ಸಾಲ್ತೈತೇನು? ಗಂಡ ಅಂಗಳದಾಗ ಸೇದಿ ಒಳಗ ಬಂದ್ರ ಅಂಗಿ ಎಲ್ಲಾ ವಾಸನಿ ಇರ್ತೈತಿ, ಅದೂ ಕೆಟ್ಟದ್ದೇನು?

ರಾಯಚೂರು_ಸಿಸ್ಟರ್:
9.2 ಅಂದ್ರ ಗುಳಿಗಿ ಬಿಡದಂಗ ತಗೋಬೇಕವಾ. ಊಟ ಆಗಿ ಒಂದು ತಾಸಿನ ಮ್ಯಾಲೆ, ಚಹಾದ ಜೊತಿಗಂತೂ ಬ್ಯಾಡ.

ಫ್ಯಾನ್ ಹಚ್ಚಿದ್ರೆ ಸಾಲಂಗಿಲ್ಲ. ಹೊಗಿ ಕೋಣಿ ತುಂಬಾ ತಿರುಗ್ತದ ಅಷ್ಟೇ. ಇಷ್ಟು ಹೊಗಿ ಆದ್ರೆ ಏನೂ ಆಗಂಗಿಲ್ಲ ಅನ್ನೋ ಮಟ್ಟವೇ ಇಲ್ಲ ಅಂತ ಅಮೆರಿಕದ ಸರ್ಜನ್ ಜನರಲ್, ಅಂದ್ರೆ ಅಲ್ಲಿ ಸರ್ಕಾರದ ದೊಡ್ಡ ಆರೋಗ್ಯಾಧಿಕಾರಿ, 2006ರ ವರದಿಯಾಗ ಹೇಳ್ಯಾರ. ಅಂಗಳದಾಗ ಸೇದೋದು ಒಳಗಿಂತ ಎಷ್ಟೋ ಪಾಲು ವಾಸಿ, ಆದ್ರೆ ಬಾಗಿಲು, ಕಿಟಕಿ ಮುಂದೆ ನಿಂತ್ರೆ ಒಳಗೇ ಬರ್ತದ. ನಾಲ್ಕು ಹೆಜ್ಜಿ ಆಚಿ ಹೋಗ್ಲಿ. ವಾಸನಿ ಅಂದ್ರೆ ಅದು ಬರೀ ವಾಸನಿ ಅಲ್ಲ, ನಿಕೋಟಿನ್ ಅಂಗಿ, ಕೂದಲು, ಗೋಡಿ, ಹಾಸಿಗಿಗೆ ಅಂಟಿರ್ತದ. ಸೇದಿ ಬಂದಮ್ಯಾಲೆ ಕೈ, ಮಾರಿ ತೊಳ್ದು ಅಂಗಿ ಬದಲಿಸಿ ಒಳಗ ಬರೋದು ರೂಢಿ ಆಗ್ಲಿ. ಬಾಣಂತನದಾಗಂತೂ ಇದು ಬೇಕೇ ಬೇಕು. ಸೇದೋರು ಕೂಸಿನ ಜೊತಿಗೆ ಒಂದೇ ಹಾಸಿಗಿಯಾಗ ಮಲಗಬಾರದು. ಮಲಗಿದ್ದಲ್ಲೇ ಕೂಸು ಉಸಿರು ನಿಂತು ಹೋಗೋ ಅಪಾಯ ಹೊಗಿ ಇರೋ ಮನ್ಯಾಗ ಹೆಚ್ಚು.

ಸಿರುಗುಪ್ಪ_ರೈತ:
ಡಾಕ್ಟ್ರ, ನನ್ ಸಣ್ಣ ಮಗನ ಹೇಣ್ತಿಗೆ ಎರಡನೇ ತಿಂಗಳು. ಮಗ ದಿನಕ್ಕೊಂದು ಪಾಕೀಟು ಸೇದ್ತಾನ. ಈಗ ಬಿಟ್ರ ಕೂಸಿಗೆ ಏನಾರ ಉಪಯೋಗ ಐತೇನು, ಇಲ್ಲಾ ಆಗೋದು ಆಗಿ ಹೋಗೈತೇನು? ಹಿಂದ ಒಮ್ಮೆ ಬಿಟ್ಟಿದ್ದ, ಮೂರನೇ ದಿನಕ್ಕ ಮನಿ ಮಂದಿ ಮ್ಯಾಲೆಲ್ಲ ಹರಿಹಾಯ್ದು ಮತ್ತ ಸುರು ಮಾಡಿದ.

ಕೂಸಿನ_ಡಾಕ್ಟ್ರು_ಬಳ್ಳಾರಿ:
ಬಹಳ ಉಪಯೋಗ ಇದೆ ಅಣ್ಣನವರೇ, ಎರಡನೇ ತಿಂಗಳು ಎಂದರೆ ಒಳ್ಳೆಯ ಹೊತ್ತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ನಡೆದ ಅಧ್ಯಯನ 2009ರಲ್ಲಿ ಬಂತು. ತಾವೇ ಸೇದುತ್ತಿದ್ದ ತಾಯಂದಿರು 15 ವಾರದೊಳಗೆ ಬಿಟ್ಟಾಗ, ಅವಧಿಗೆ ಮುನ್ನದ ಹೆರಿಗೆಯಾಗಲಿ ಸಣ್ಣ ಕೂಸಾಗಲಿ, ಸೇದದವರಿಗಿಂತ ಹೆಚ್ಚು ಇರಲಿಲ್ಲ. ಸೇದುವ ತಾಯಿಗೇ ಹೀಗಾದರೆ, ಹೊಗೆ ಕುಡಿಯುವ ತಾಯಿಗೆ ಅದು ನಿಂತರೆ ಲಾಭ ಇಲ್ಲದೆ ಇರುತ್ತದೆಯೇ? ಎಂಟನೇ ತಿಂಗಳಲ್ಲಿ ನಿಂತರೂ ಸರಿ. ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಒಂದೆರಡು ದಿನದಲ್ಲೇ ಇಳಿಯುತ್ತದೆ, ಕೂಸಿನ ತೂಕ ಹೆಚ್ಚು ಕೂಡುವುದು ಕೊನೆಯ ತಿಂಗಳುಗಳಲ್ಲೇ.

ಮೂರನೇ ದಿನದ ಸಿಟ್ಟಿನ ಮಾತು. ಬಿಟ್ಟ ಎರಡು ಮೂರನೇ ದಿನವೇ ಎಲ್ಲಕ್ಕಿಂತ ಕಷ್ಟ, ಸಿಟ್ಟು, ನಿದ್ದೆ ಇಲ್ಲ, ತಲೆ ಭಾರ. ಅದು ನಿಕೋಟಿನ್ ಇಳಿಯುವ ಲಕ್ಷಣ, ಅವನ ಗುಣ ಅಲ್ಲ. ಮೂರು ನಾಲ್ಕು ವಾರದಲ್ಲಿ ಹೋಗುತ್ತದೆ. ಸೇದಬೇಕು ಎಂಬ ಒಂದೊಂದು ಸೆಳೆತ ಕೆಲವೇ ನಿಮಿಷದ್ದು, ಆ ನಿಮಿಷ ದಾಟಿಸಬೇಕು. ಈ ಸಲ ಮೊದಲ ವಾರ ಅವನು ಏನಂದರೂ ಮನೆಯವರು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಮುಂಚೆಯೇ ಮಾತಾಡಿಕೊಳ್ಳಿ. 1800112356 ಎಂಬ ಉಚಿತ ಸಹಾಯವಾಣಿಗೆ ಅವನೇ ಫೋನ್ ಮಾಡಲಿ. ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ಸಿಗರೇಟು ಪಾಕೀಟಿನ ಮೇಲೇ ಆ ನಂಬರ್ ಅಚ್ಚಾಗಿರುತ್ತದೆ. ದಿನಕ್ಕೆ ಒಂದು ಪಾಕೀಟು ಸೇದುವವನಿಗೆ ಬರೀ ಮನಸ್ಸಿನ ಗಟ್ಟಿತನ ಸಾಲದಿರಬಹುದು, ನಿಕೋಟಿನ್ ಚೂಯಿಂಗ್ ಗಮ್, ಬೇರೆ ಔಷಧಿ ಇವೆ, ಡಾಕ್ಟರ ಹತ್ತಿರ ಹೋಗಲಿ. ಗಮ್ ಮಗನಿಗೆ. ಬಸುರಿ ಹೆಣ್ಣುಮಕ್ಕಳು ತಂಬಾಕು ಬಿಡಲು ಅದನ್ನು ತಾವೇ ಅಂಗಡಿಯಲ್ಲಿ ಕೊಂಡು ತಿನ್ನಬಾರದು.

ಸಿರುಗುಪ್ಪ_ರೈತ:
ಆತ್ರಿ. ನಂಬರ್ ಮಗನಿಗೆ ಕಳಿಸೀನಿ. ರಾತ್ರಿ ಕುಂದ್ರಿಸಿ ಮಾತಾಡ್ತೀನಿ.

ಕುಕನೂರು_ಅಕ್ಕ:
ಸುದ್ದಿ ಹೇಳ್ತೀನ್ರಿ. ಅಲ್ಲಿಯ ಆಶಾಗೆ ಫೋನ್ ಮಾಡಿದ್ದೆ, ಸಂಜಿ ಮುಂದ ಹೋಗಿ ಮಾವಾರ ಜೊತಿಗೆ ಕುಂತು ಮಾತಾಡಿ ಬಂದಾರ. ಮಾವಾರು ಸಿಟ್ಟಾಗ್ಲಿಲ್ಲಂತ. "ಇದನ್ನ ಮೊದಲ ಯಾಕ ಹೇಳ್ಲಿಲ್ಲ" ಅಂದ್ರಂತ. ಈಗ ಹೊರಗ ಹೋಗಿ ಸೇದಾಕತ್ತಾರ. ಮಳಿ ಬಂದಾಗ ಮಾತ್ರ ಮತ್ತ ಪಡಸಾಲಿಗೆ ಬರ್ತಾರ, ಅಷ್ಟು ಇನ್ನೂ ಐತಿ. ಗಂಡ ಊರಿಗೆ ಬಂದಿಲ್ಲ, ಅಂವನ ಜೊತಿಗೆ ಮಾತು ಬಾಕಿ ಐತಿ.

ಏಳನೇ ತಿಂಗಳಾಗ ಕುಬುಸ ಮಾಡಿ ತಂಗೀನ ಇಲ್ಲಿಗೆ ಕರ್ಕೊಂಡು ಬರ್ತೀವಿ. ಇಲ್ಲಿ ಬೀಡಿ ಇಲ್ಲ. ಆದ್ರ ನಮ್ಮಮ್ಮ ಬಾಣಂತಿ ಕೋಣ್ಯಾಗ ಹೊರಸಿನ ಕೆಳಗ ಕುಳ್ಳಿನ ಕೆಂಡ ಇಡ್ತಾಳ. ಕೂಸಿಗೆ ನೀರು ಹಾಕಿದ ಮ್ಯಾಲೆ ಲೋಬಾನ, ಬೆಳ್ಳುಳ್ಳಿ ಸಿಪ್ಪಿ ಹಾಕಿ ಹೊಗಿ ಹಿಡೀತಾಳ. ನನ್ ಮಕ್ಕಳಿಗೂ ಮಾಡ್ಯಾಳ. ಇದನ್ನೂ ಬಿಡಬೇಕೇನ್ರಿ?

ರಾಯಚೂರು_ಸಿಸ್ಟರ್:
ಬಿಡಬೇಕವಾ. ಅಮ್ಮನ ಪ್ರೀತಿ ದೊಡ್ಡದು, ನನಗ ಗೊತ್ತದ, ನನ್ ಬಾಣಂತನನೂ ಹಂಗೇ ಆಗ್ಯದ. ಆದ್ರೆ ಮುಚ್ಚಿದ ಕೋಣಿಯಾಗ ಕುಳ್ಳಿನ ಕೆಂಡ ಇಟ್ರೆ ಬರೋದು ಅದೇ ಕಾರ್ಬನ್ ಮಾನಾಕ್ಸೈಡ್, ವಾಸನಿನೂ ಇಲ್ಲ, ಬಣ್ಣನೂ ಇಲ್ಲ. ಬಾಗಿಲು ಹಾಕ್ಕೊಂಡು ಮಲಗಿದ ತಾಯಿ, ಕೂಸು ಇಬ್ಬರಿಗೂ ಜೀವಕ್ಕೆ ಅಪಾಯ. ಲೋಬಾನದ ಹೊಗಿನೂ ಎಳೆ ಶ್ವಾಸಕೋಶಕ್ಕೆ ಹೊಗಿನೇ. ಕೂಸು ಬೆಚ್ಚಗಿರಬೇಕು ಅನ್ನೋದು ಅಮ್ಮನ ಆಸಿ, ಅದು ಸರಿಯಾದ ಆಸಿ. ಅದಕ್ಕೆ ಟೊಪಗಿ, ಕಾಲುಚೀಲ, ದುಪ್ಪಟಿ, ತಾಯಿ ಎದಿಗೆ ಅಪ್ಪಿ ಹಿಡ್ಕೊಳ್ಳೋದು ಸಾಕು. ನೀರು ಹಾಕಿದ ಕೂಡ್ಲೆ ಒಣ ಬಟ್ಟಿಲೆ ಒರಸಿ ಸುತ್ರಿ. ಅಮ್ಮ ಕೇಳದಿದ್ರೆ ನನ್ನ ಹೆಸರಿಗೆ ಹಾಕ್ರಿ, ದೊಡ್ಡ ಆಸ್ಪತ್ರಿ ಸಿಸ್ಟರ್ ಬ್ಯಾಡ ಅಂದಾರ ಅಂತ.

ಸಿಂಧನೂರು_ಆಶಾ:
ತಂಗಿ ತವರಿಗೆ ಬರೋವಾಗ ತಾಯಿ ಕಾರ್ಡ್ ಮರೀದಂಗ ತರ್ಲಿ, ಬಂದ ವಾರದಾಗ ಕುಕನೂರಿನ ಆಶಾ ಹತ್ರ ಹೆಸರು ಹಚ್ಚಿಸ್ರಿ. ಹೆರಿಗಿ ಆಗಿ ಮನಿಗೆ ಬಂದಮ್ಯಾಲೆ 3, 7, 14, 21, 28, 42ನೇ ದಿನಕ್ಕ ಅವ್ರು ಕೂಸಿನ ತೂಕ ನೋಡಾಕ ಬರ್ತಾರ. ಗಂಡ ಕೂಸು ನೋಡಾಕ ಬಂದಿದ್ರ ಅವತ್ತ ಅವರನ್ನ ಕುಂದ್ರಿಸ್ಕೊಳ್ರಿ. ಅದಕ್ಕೂ ಮೊದಲ, ಪ್ರತಿ ತಿಂಗಳು 9ನೇ ತಾರೀಖಿಗೆ ಸರ್ಕಾರಿ ಆಸ್ಪತ್ರ್ಯಾಗ ಡಾಕ್ಟ್ರು ಬಸುರಿಯರನ್ನ ನೋಡ್ತಾರ. ಲಾರಿ ಟ್ರಿಪ್ ಇಲ್ಲದ 9 ಬಂದ್ರ ಅಂವನ್ನೂ ಜೊತಿಗೆ ಕಳಿಸ್ರಿ. ಹೊರಗ ಬೈಕ್ ಮ್ಯಾಲೆ ಕುಂದ್ರೋದು ಬ್ಯಾಡ, ಒಳಗ ಡಾಕ್ಟ್ರ ಮುಂದ ಹೋಗ್ಲಿ.

ಕುಕನೂರು_ಅಕ್ಕ:
ಈ ತಿಂಗಳ 9ಕ್ಕ ಅಂವ ಹೊಸಪೇಟಿ ಲೋಡಿನ ಮ್ಯಾಲೆ ಇರ್ತಾನಂತ. ಮುಂದಿನ ತಿಂಗಳದಕ್ಕ ಮಾಲೀಕಗ ಹೇಳಿ ರಜಾ ಹಾಕಿಸ್ತೀವ್ರಿ.